ರಸ್ತೆಯಲ್ಲಿ ಬಿದ್ದ ಭಾವಚಿತ್ರ

ಸಂಕ್ರಮಣದ ಹಿಂದುಮುಂದಿನ ದಿನಗಳಲ್ಲಿ ಕವಲಾಪುರಕ್ಕೆ ಹೋದವರು ಬರಿಗೈಯಲ್ಲಿ ಮರಳುವುದು ಅಪರೂಪ. ಸಾಂಗಲಿಯಿಂದ ತಾಸಗಾವದ ಹಾದಿ ಹಿಡಿದರೆ ಸಿಗುವ ಈ ಊರಿನ ಗಜ್ಜರಿ ಸುತ್ತಣ ಪೇಟೆಗಳಲ್ಲಿ ಹೆಸರಾದದ್ದು. ಈ ಸಲ ನಾವೂ ಒಂದು ಚೀಲ ಗಜ್ಜರಿಯನ್ನು ಹೊತ್ತು ತಂದೆವು. ಅದರೊಡನೆ ಒಂದು ವಿಚಾರವೂ ಹೊರೆಯಾಗಿ ಬಂದುದರಿಂದ ಈ ತಿಂಗಳ ಪುಟವನ್ನು ಅದಕ್ಕೇ ಮೀಸಲಿಡುತ್ತಿದ್ದೇವೆ.

ನಾವು ಉಳಿದುಕೊಂಡದ್ದು ದೂರದ ಬಂಧುಗಳೊಬ್ಬರ ಮನೆಯಲ್ಲಿ. ಹೊಸ್ತಿಲೊಳಗೆ ಕನ್ನಡ, ಹೊಸ್ತಿಲಾಚೆ ಮರಾಠಿ. ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಒಬ್ಬರಿದ್ದಾರೆ. ಸಾಂಗಲಿಯ ಕಾಲೇಜಿಗೆ ಹೋಗಿಬರುವ ಮೊಮ್ಮಗಳು ಒಬ್ಬಳಿದ್ದಾಳೆ. ಮಧ್ಯಾಹ್ನದ ಊಟವಾಗಿ ಎಲ್ಲರೂ ಪಡಸಾಲೆಯಲ್ಲಿ ಕುಳಿತಿದ್ದಾಗ ಆ ಹುಡುಗಿ ಕಂಬಕ್ಕೆ ಒರಗಿ ಒಂದು ಇಂಗ್ಲಿಷ್ ಪುಸ್ತಕದಲ್ಲಿ ಮುಳುಗಿದ್ದಳು. ಗೆಳತಿಯಿಂದ ಕಡ ತಂದದ್ದೆಂದೂ, ಇದು ಎರಡನೆಯ ಸಲದ ಓದೆಂದೂ ನಮಗೆ ಆಗಲೇ ಹೇಳಿದ್ದಳು. ಅಜ್ಜಿಗೆ ತಡೆಯಲಾಗಲಿಲ್ಲ.

"ಏನವಾ, ಮೂರ ದಿವಸಾತು, ಆ ಪುಸ್ತಕ ಕೈ ಬಿಡವಲ್ಲಿ. ಏನೈತಿ ಅದರಾಗ? ನಮಗೂ ಒಂದೀಟ ಹೇಳಲ್ಲ."

"ಇಬ್ಬರು ಸಾಲಿ ಹುಡುಗ್ಯಾರ ಕಥಿ, ಆಯಿ. ಇಬ್ಬರೂ ಮದರಂಗಿ ಹಚ್ಚೂ ಧಂದೆ ತಗೀತಾರ. ಒಬ್ಬಾಕಿ ನಮ್ಮ ಕಡಿಯಾಕಿ, ಬಂಗಾಲಿ. ಇನ್ನೊಬ್ಬಾಕಿ ಬ್ರಾಝಿಲ ದೇಶದವರ ಮಗಳು."

"ಹಂಗಂದ್ರ ಅಕಿಗೇನ ಗೊತ್ತು ಮದರಂಗಿ? ನಮ್ಮದನ್ನ ತಗೊಂಡು ಅಕಿ ರೊಕ್ಕಾ ಮಾಡತಾಳ?"

ಅಜ್ಜಿಯ ನ್ಯಾಯಬುದ್ಧಿ ಒಮ್ಮೆಲೆ ಎಚ್ಚತ್ತಿತು. ಕಥಾನಾಯಕಿಯ ತಕರಾರೂ ಅದೇ ಆಗಿದೆ ಎಂದು ಹುಡುಗಿ ನಕ್ಕಳು. ಆಮೇಲೆ ಪುಟದ ಅಂಚನ್ನು ಬೆರಳಿನಿಂದ ತೀಡುತ್ತ, ದನಿ ತಗ್ಗಿಸಿ, "ಆದ್ರೂ ಇಕಿಗೆ ಅಕಿ ಮ್ಯಾಲೇ ಮನಸ ಆಕ್ಕೈತಿ, ಆಯಿ" ಎಂದಳು.

ಪಡಸಾಲೆಯಲ್ಲಿ ಮಾತು ನಿಂತಿತು. ಅಜ್ಜಿ ಎಲೆಯಡಿಕೆಯ ಚಂಚಿಯನ್ನು ಬಿಚ್ಚಿದರು, ಕಟ್ಟಿದರು. "ಅವರವ್ವಗ ಗೊತ್ತಾತೇನು?" ಎಂದು ಕೇಳಿದರು.

"ಗೊತ್ತಾತು."

"ಏನಂದ್ಲು?"

"ಏನೂ ಅನ್ನಲಿಲ್ಲ. ಅದs ಮೊದಲನೇ ತ್ರಾಸ."

"ಆಮ್ಯಾಲ?"

ಹುಡುಗಿ ಪುಸ್ತಕವನ್ನು ಮುಚ್ಚಿದಳು. "ಇನ್ನೂ ಅಲ್ಲೀತನ ಓದಿಲ್ಲ" ಎಂದು ಒಳಗೆ ಹೋದಳು.

ಎರಡನೆಯ ಸಲ ಓದುತ್ತಿದ್ದವಳು ಹೇಳಿದ ಈ ಮಾತು ನಮ್ಮನ್ನು ಕಾಡತೊಡಗಿತು. ಯಾರ ಮನದಾಳವನ್ನೂ ಕೆದಕುವ ಅಧಿಕಾರ ನಮಗಿಲ್ಲ. ಪುಸ್ತಕ ಓದಿದವರೆಲ್ಲ ಪುಸ್ತಕದಲ್ಲಿದ್ದವರೇ ಆಗಬೇಕೆಂದೇನೂ ಇಲ್ಲ. ಆದರೆ ಇಂಥ ಕಥೆಗಳನ್ನು ನಮ್ಮ ಮಕ್ಕಳು ಏಕೆ ಇಷ್ಟು ಆಸೆಯಿಂದ ಓದುತ್ತಾರೆ ಎಂಬುದನ್ನು ಹಿರಿಯರಾದ ನಾವು ತಿಳಿಯಲು ಯತ್ನಿಸುವುದು ಒಳಿತೆಂದು ತೋರಿತು.

ಆ ಪುಸ್ತಕದ ಹೆಸರು 'ದಿ ಹೆನ್ನಾ ವಾರ್ಸ್', ಎಂದರೆ ಮದರಂಗಿಯ ಸಮರ. ಬರೆದವರು ಆದಿಬಾ ಜೈಗಿರ್ದಾರ್, ಪ್ರಕಟವಾದದ್ದು ೨೦೨೦ರಲ್ಲಿ. ಐರ್ಲೆಂಡಿನಲ್ಲಿ ನೆಲಸಿದ ಬಾಂಗ್ಲಾ ಮನೆತನದ ನಿಶಾತ್ ಎಂಬ ಹುಡುಗಿ ಅದರ ನಾಯಕಿ. ಇದೇ ಜಾತಿಯ ಕೃತಿಗಳು ಈಗ ಬಹಳವಾಗಿವೆ. ಆಂಗ್ಲ ಲೇಖಕಿ ಆಲಿಸ್ ಓಸ್ಮನ್ ೨೦೧೬ರಲ್ಲಿ ಆರಂಭಿಸಿದ 'ಹಾರ್ಟ್‌ಸ್ಟಾಪರ್' ಎಂಬ ಚಿತ್ರಕಥೆ, ಚಾರ್ಲಿ ಮತ್ತು ನಿಕ್ ಎಂಬ ಇಬ್ಬರು ಶಾಲಾ ಹುಡುಗರ ಒಲವಿನ ಕಥೆ, ೨೦೨೨ರಲ್ಲಿ ಧಾರಾವಾಹಿಯಾಗಿ ಮನೆಮನೆಗೆ ಹೊಕ್ಕಿತು. ಅಮೆರಿಕದ ಬೆಕಿ ಆಲ್ಬರ್ಟಾಲಿ ೨೦೧೫ರಲ್ಲಿ ಬರೆದ ಸೈಮನ್ ಎಂಬ ಹುಡುಗನ ಕಾದಂಬರಿ ೨೦೧೮ರಲ್ಲಿ 'ಲವ್, ಸೈಮನ್' ಎಂಬ ಚಲನಚಿತ್ರವಾಯಿತು. ಇವು ಯಾವುವೂ ಘನಗಂಭೀರ ಕೃತಿಗಳಲ್ಲ. ಪರೀಕ್ಷೆ, ಆಟ, ಗೆಳೆಯರ ಜಗಳ, ತಪ್ಪು ತಿಳಿವಳಿಕೆ, ನಾಚಿಕೆ, ಕೊನೆಗೆ ಕೈ ಕೈ ಹಿಡಿಯುವುದು: ಇಷ್ಟೇ ಅವುಗಳ ಸಾಮಗ್ರಿ. ಪ್ರೀತಿಸಿದವರು ಇಬ್ಬರೂ ಹುಡುಗಿಯರು ಅಥವಾ ಇಬ್ಬರೂ ಹುಡುಗರು ಎಂಬುದೊಂದು ಹೊಸತು; ನಾಯಕಸ್ಥಾನದಲ್ಲಿ ಕರಿಯರು, ಏಷ್ಯದವರು, ವಲಸೆ ಬಂದವರ ಮಕ್ಕಳು ಇರುತ್ತಾರೆ ಎಂಬುದು ಇನ್ನೊಂದು. ಉಳಿದದ್ದೆಲ್ಲ ಹಳೆಯ ಪ್ರಣಯ ಪ್ರಹಸನವೇ.

ಪ್ರಣಯ ಪ್ರಹಸನವೆಂದರೆ ಸಾಂಗಲಿಯ ನೆಲಕ್ಕೆ ಹೊಸದೇನಲ್ಲ. ವಿಷ್ಣುದಾಸ ಭಾವೆಯವರು ೧೮೪೩ರಲ್ಲಿ 'ಸೀತಾ ಸ್ವಯಂವರ'ವನ್ನು ಆಡಿ ತೋರಿಸಿದ್ದು ಇಲ್ಲಿಯೇ. ಅದಕ್ಕೆ ಪ್ರೇರಣೆಯಾದದ್ದು ಉತ್ತರ ಕನ್ನಡದ ಕರ್ಕಿಯಿಂದ ಬಂದಿದ್ದ ಯಕ್ಷಗಾನ ಮೇಳವೆಂಬುದನ್ನು ನಾವು ಸಂದರ್ಭ ಸಿಕ್ಕಾಗಲೆಲ್ಲ ಹೇಳದೆ ಬಿಡುವವರಲ್ಲ! ಸಾಂಗಲಿಗೆ ಹತ್ತಿಕೊಂಡೇ ಇರುವ ಹರಿಪುರದಲ್ಲಿ ಹುಟ್ಟಿದವರು ಗೋವಿಂದ ಬಲ್ಲಾಳ ದೇವಲರು. ಫ್ರಾನ್ಸಿನ ಮೋಲಿಯೇರನ ವಿನೋದ ನಾಟಕವೊಂದು ಇಂಗ್ಲಿಷಿನ ಮುಖಾಂತರ ಅವರ ಕೈಗೆ ಬಂದು ೧೯೧೬ರಲ್ಲಿ 'ಸಂಗೀತ ಸಂಶಯಕಲ್ಲೋಳ'ವಾಗಿ ರಂಗವನ್ನೇರಿತು. ಅದರ ಕಥೆ ನಮ್ಮ ಹಿರಿಯ ಓದುಗರಿಗೆ ಬಾಯಿಪಾಠ. ರೇವತಿಯ ಬಳಿ ಅವಳ ಪ್ರಿಯಕರ ಅಶ್ವಿನಶೇಠನ ಭಾವಚಿತ್ರವಿದೆ. ಅವಳು ಬೀದಿಯಲ್ಲಿ ತಲೆಸುತ್ತಿ ಬೀಳುತ್ತಾಳೆ. ದಾರಿಹೋಕ ಫಾಲ್ಗುಣರಾವ ಅವಳನ್ನು ಎತ್ತಿ ಹಿಡಿಯುತ್ತಾನೆ. ಅದನ್ನು ಅವನ ಹೆಂಡತಿ ಕೃತ್ತಿಕೆ ನೋಡುತ್ತಾಳೆ. ರಸ್ತೆಯಲ್ಲಿ ಬಿದ್ದ ಭಾವಚಿತ್ರ ಕೃತ್ತಿಕೆಯ ಕೈಸೇರುತ್ತದೆ. ಅದನ್ನು ಗಂಡ ನೋಡುತ್ತಾನೆ. ಅಲ್ಲಿಂದ ಮುಂದೆ ಎಲ್ಲರಿಗೂ ಎಲ್ಲರ ಮೇಲೂ ಸಂಶಯ. ಪ್ರೇಕ್ಷಕನೊಬ್ಬನಿಗೆ ಮಾತ್ರ ನಿಜ ಗೊತ್ತು. ಆದ್ದರಿಂದ ಅವನು ನಿಶ್ಚಿಂತನಾಗಿ ನಗುತ್ತಾನೆ.

ಈ ನಿಶ್ಚಿಂತೆ ಎಲ್ಲಿಂದ ಬಂತು? ಭಾವಚಿತ್ರ ಸಿಕ್ಕಿಬಿದ್ದರೆ ರೇವತಿಗೆ ಮುಜುಗರವಾದೀತು, ಒಂದೆರಡು ದಿನ ವಿರಹವಾದೀತು, ಅಷ್ಟೇ. ಅವಳ ಪ್ರೀತಿ ಬಯಲಾದರೆ ಪ್ರಪಂಚ ಮುಳುಗದು. ಇನ್ನು ಸೈಮನ್ನನ ಕಥೆಯನ್ನು ನೋಡಿರಿ. ಅವನೂ ಒಂದು ಪತ್ರವನ್ನು ಕೈತಪ್ಪಿಸಿಕೊಳ್ಳುತ್ತಾನೆ. ಹೆಸರು ಮರೆಸಿಕೊಂಡ ಗೆಳೆಯನೊಬ್ಬನಿಗೆ ಗಣಕಯಂತ್ರದಲ್ಲಿ ಬರೆದ ಒಲವಿನ ಪತ್ರಗಳನ್ನು ಶಾಲೆಯಲ್ಲಿ ತೆರೆದಿಟ್ಟು ಮರೆತುಹೋಗುತ್ತಾನೆ. ಸಹಪಾಠಿಯೊಬ್ಬ ಅದನ್ನು ಕಂಡು, ನಾನು ಹೇಳಿದಂತೆ ಕೇಳದಿದ್ದರೆ ಎಲ್ಲರಿಗೂ ಸಾರುತ್ತೇನೆಂದು ಹೆದರಿಸುತ್ತಾನೆ. ದೇವಲರ ಭಾವಚಿತ್ರವೇ ಇದು. ಆದರೆ ಇಲ್ಲಿ ಬಿದ್ದ ವಸ್ತು ಯಾರ ಕೈಸೇರಿತೆಂಬುದು ಒಂದು ಜೀವದ ಪ್ರಶ್ನೆ. ಅಂಥ ಪ್ರಶ್ನೆಯನ್ನು ಎತ್ತಿಕೊಂಡು ಅದನ್ನು ನಗುವಿನಲ್ಲಿಯೇ ದಡ ಮುಟ್ಟಿಸುವುದು ಸಾಮಾನ್ಯ ಸಾಹಸವಲ್ಲ. ಪುಸ್ತಕ ತೆರೆಯುವ ಮೊದಲೇ ತರುಣ ಓದುಗನಿಗೆ ಗೊತ್ತಿರುತ್ತದೆ, ಇದು ಪ್ರಹಸನ, ಇಲ್ಲಿ ಯಾರೂ ಬಾವಿಗೆ ಬೀಳುವುದಿಲ್ಲ ಎಂದು. ರೇವತಿಯ ಪ್ರೇಕ್ಷಕರಿಗೆ ಒಂದು ಶತಮಾನದ ಹಿಂದೆ ಪುಕ್ಕಟೆಯಾಗಿ ಸಿಕ್ಕ ನಿಶ್ಚಿಂತೆ ಈ ಮಕ್ಕಳಿಗೆ ಈಗ ಸಿಗುತ್ತಿದೆ. ಈ ಕಥೆಗಳ ಆಕರ್ಷಣೆಯ ಬೇರು ಇಲ್ಲಿದೆಯೆಂಬುದು ನಮ್ಮ ಭಾವನೆ.

ಆ ರೇವತಿಯ ಪಾತ್ರವನ್ನು ಧರಿಸಿದವರು ಯಾರು? ಬಾಲಗಂಧರ್ವರು. ಈಗಿನ ಸಾಂಗಲಿ ಜಿಲ್ಲೆಯ ನಾಗಠಾಣೆಯ ನಾರಾಯಣ ಶ್ರೀಪಾದ ರಾಜಹಂಸರು. ೧೯೦೫ರಲ್ಲಿ ಮಿರಜೆಯಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿಯ ಶಕುಂತಲೆಯಾಗಿ ರಂಗವೇರಿದರು. ಅವರ ಹೆಸರಿನ ನಾಟ್ಯಗೃಹ ಮಿರಜೆಯಲ್ಲಿ ಇಂದಿಗೂ ಇದೆ. ಅವರು ಉಟ್ಟಂತೆ ಸೀರೆಯುಡಲು, ಮುಡಿದಂತೆ ಹೂ ಮುಡಿಯಲು ದೊಡ್ಡ ಮನೆತನದ ಹೆಣ್ಣುಮಕ್ಕಳು ಕಲಿತರು. ಅಂದಮೇಲೆ, ಗಂಡೊಬ್ಬ ಗಂಡಿನೊಡನೆ ಶೃಂಗಾರದ ಪದ ಹಾಡುವುದನ್ನು ನಮ್ಮ ಅಜ್ಜ ಅಜ್ಜಿಯರು ಕುಟುಂಬ ಸಮೇತರಾಗಿ, ಟಿಕೆಟು ಕೊಂಡು, ಮತ್ತೆ ಮತ್ತೆ ನೋಡಿ ಕಣ್ಣೊರೆಸಿಕೊಂಡರು. ವೇಷವೆಂಬ ಒಂದು ತೆಳುವಾದ ಪರದೆಯಿದ್ದರೆ ಸಾಕಾಗಿತ್ತು.

ನಾಟ್ಯಗೃಹದಲ್ಲಿ ಕಣ್ಣೀರಾದದ್ದು ಜಾತ್ರೆಯ ಡೇರೆಯಲ್ಲಿ ನಗೆಯಾಯಿತು. ಕವಲಾಪುರದ ಹೆಸರು ಗಜ್ಜರಿಗಿಂತ ಮೊದಲು ಮಹಾರಾಷ್ಟ್ರದ ಹಳ್ಳಿಹಳ್ಳಿಗೆ ತಲುಪಿದ್ದು ತಮಾಷಾದಿಂದ. ಹಿಂದಿನ ತಲೆಮಾರಿನ ಶಿವಾ-ಸಂಭಾ ಕವಲಾಪುರಕರರ ಮೇಳ, ಅನಂತರ ಸಂಭಾಜಿಯವರ ಅವಳಿ ಮಕ್ಕಳಾದ ಲಹು ಮತ್ತು ಅಂಕುಶ ಖಾಡೆ. ಈ ಅವಳಿಗಳೇ ಕಾಳು-ಬಾಳು. 'ಜಹರೀ ಪ್ಯಾಲಾ' ವಗದಲ್ಲಿ ಅವರು ಪೊಲೀಸರಾಗಿ ಬಂದರೆ ಯಾರು ಕಾಳು, ಯಾರು ಬಾಳು ಎಂದು ಗುರುತಿಸಲಾಗದೆ ಜನ ಬಿದ್ದು ಬಿದ್ದು ನಗುತ್ತಿದ್ದರು. ನಮ್ಮ ಅಜ್ಜಿ ಈಗಲೂ ಅದನ್ನು ನೆನೆದು ಕಣ್ಣಲ್ಲಿ ನೀರು ಬರುವಂತೆ ನಗುತ್ತಾರೆ. ತಮಾಷಾದಲ್ಲಿ ವಗಕ್ಕೆ ಮೊದಲು ಗೌಳಣ ಎಂಬ ಭಾಗವುಂಟು. ಗೊಲ್ಲತಿಯರು ಮಥುರೆಯ ಸಂತೆಗೆ ಹೊರಟಿದ್ದಾರೆ. ಕೃಷ್ಣ ಮತ್ತು ಪೆಂದ್ಯಾ ಹಾದಿಯನ್ನು ಅಡ್ಡಗಟ್ಟುತ್ತಾರೆ. ಆ ಗೊಲ್ಲತಿಯರ ಮುಂದಾಳು 'ಮಾವಶಿ'. ಸೀರೆಯುಟ್ಟ ಗಂಡಸು. ಅವಳು ಸೆರಗನ್ನು ಸರಿಪಡಿಸಿದರೂ ನಗೆ, ಸೊಂಟಕ್ಕೆ ಕೈಯಿಟ್ಟರೂ ನಗೆ. ಯಾವ ಮೇಳದ ತಮಾಷಾಕ್ಕೆ ಹೋದರೂ ಮಾವಶಿ ಇರಲೇಬೇಕು. ಅದನ್ನು ಆಡಿದ ಕಲಾವಿದರ ಮೇಲೆ ನಮ್ಮದೇನೂ ದೂರಿಲ್ಲ. ಅವರ ಕಲೆ ದೊಡ್ಡದು. ದೂರು ಇರುವುದು ಆ ನಗೆಯನ್ನು ಡೇರೆಯಿಂದ ಹೊರಗೆ ಹೊತ್ತು ತಂದ ನಮ್ಮ ಮೇಲೆ.

ನಾವು ಶಾಲೆಯಲ್ಲಿದ್ದಾಗ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮೆಲುದನಿಯವನು, ಅಕ್ಷರ ಮುತ್ತಿನಂತೆ, ಗಣಪತಿ ಹಬ್ಬಕ್ಕೆ ಶಾಲೆಯ ಅಂಗಳದಲ್ಲಿ ರಂಗೋಲಿ ಹಾಕುವುದಿದ್ದರೆ ಗುರುಗಳು ಅವನನ್ನೇ ಕರೆಯುತ್ತಿದ್ದರು. ಜಾತ್ರೆಯಲ್ಲಿ ತಮಾಷಾ ನೋಡಿ ಬಂದ ಮರುದಿನ ಯಾರೋ ಅವನನ್ನು ಮಾವಶಿ ಎಂದರು. ಹತ್ತನೆಯ ಇಯತ್ತೆ ಮುಗಿಯುವವರೆಗೂ ಅದೇ ಅವನ ಹೆಸರಾಯಿತು. ಕೂಗಿದವರಲ್ಲಿ ನಾವೂ ಒಬ್ಬರು. ಅವನೂ ನಮ್ಮೊಡನೆ ನಗುತ್ತಿದ್ದುದರಿಂದ ಅದು ವಿನೋದವೆಂದೇ ತಿಳಿದಿದ್ದೆವು. ನಗುವುದನ್ನು ಬಿಟ್ಟು ಅವನಿಗೆ ಬೇರೆ ದಾರಿಯಿರಲಿಲ್ಲ ಎಂಬುದು ಹೊಳೆಯಲು ನಮಗೆ ಮೂವತ್ತು ವರ್ಷಗಳು ಹಿಡಿದವು. ಮುಂದೆ ಅವನು ಮುಂಬಯಿ ಸೇರಿದ. ತಂದೆಯ ಮಣ್ಣಿಗೆ ಬಂದ. ತಂಗಿಯ ಮದುವೆಗೆ ಬರಲಿಲ್ಲ. ಊರವರು ಅವನನ್ನು ಕಲ್ಲೆದೆಯವನೆಂದರು. ಮಣ್ಣಿನಲ್ಲಿ ಯಾರೂ ನಗುವುದಿಲ್ಲ, ಮದುವೆಯಲ್ಲಿ ನಗುತ್ತಾರೆ ಎಂಬ ಲೆಕ್ಕವನ್ನು ಅವನು ಹಾಕಿದ್ದಿರಬೇಕು. ಅವನು ಯಾರನ್ನಾದರೂ ಪ್ರೀತಿಸಿದ್ದನೋ ಇಲ್ಲವೋ, ಯಾರನ್ನು ಪ್ರೀತಿಸಿದ್ದನೋ, ನಾವು ಒಮ್ಮೆಯೂ ಕೇಳಲಿಲ್ಲ. ಅವನಿಗೆ ಅಂಥದೊಂದು ಕಥೆ ಇರಬಹುದೆಂದೇ ನಮಗೆ ತೋಚಿರಲಿಲ್ಲ.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಹೆಣ್ಣುವೇಷ ಹಾಕುವ ನಟ ಬೇರೆ. ಗಂಡುದೇಹದಲ್ಲಿ ಹುಟ್ಟಿ ತಾನು ಹೆಣ್ಣೆಂದು ಅರಿತು ಬಾಳುವವಳು ಬೇರೆ. ತನ್ನಂತೆಯೇ ಗಂಡಾದವನನ್ನು ಪ್ರೀತಿಸುವ ಗಂಡು ಬೇರೆ. ಮೆಲುದನಿಯ ಹುಡುಗ ಇವರಲ್ಲಿ ಯಾರೂ ಆಗಿರದೆ ಇರಬಹುದು. ನಮ್ಮ ಹಿಂದಿನವರು ಇವರೆಲ್ಲರನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಕೆಲವರನ್ನು ಗುಡಿಗೂ ಕೆಲವರನ್ನು ತಮಾಷಾಕ್ಕೂ ಕಳಿಸಿದರು. ಸವದತ್ತಿಯ ಗುಡ್ಡದಲ್ಲಿ ಜೋಗಪ್ಪನ ಕೈಯಿಂದ ಭಂಡಾರ ಹಚ್ಚಿಸಿಕೊಳ್ಳದ ಮನೆ ನಮ್ಮಲ್ಲಿ ಎಷ್ಟಿವೆ? ಮಂಜಮ್ಮ ಜೋಗತಿಯವರಿಗೆ ೨೦೨೧ರ ಪದ್ಮಶ್ರೀ ಬಂದಾಗ ಗಡಿಯ ಈಚೆಯ ನಾವೂ ಹೆಮ್ಮೆಪಟ್ಟೆವು. ಆದರೆ ಕೈಮುಗಿಸಿಕೊಳ್ಳುವ ಸ್ಥಾನ, ನಗಿಸುವ ಸ್ಥಾನ ಇವೆರಡನ್ನು ಬಿಟ್ಟರೆ ಮೂರನೆಯದೊಂದು, ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತ ಮನೆಮಗುವಿನ ಸ್ಥಾನ, ಇರಲಿಲ್ಲ. ಈ ಹೊಸ ಪುಸ್ತಕಗಳು ಆ ಮೂರನೆಯ ಜಾಗವನ್ನು ಗುಡಿಸಿ ಚಾಪೆ ಹಾಸಿವೆ.

ಸಾಹಿತ್ಯ ಈ ವಿಷಯದಲ್ಲಿ ಕಣ್ಣುಮುಚ್ಚಿ ಕುಳಿತಿತ್ತೆನ್ನಲಾಗದು. ವಿಜಯ ತೆಂಡುಲ್ಕರರು ೧೯೮೧ರಲ್ಲಿಯೇ 'ಮಿತ್ರಾಚೀ ಗೋಷ್ಟ' ಎಂಬ ನಾಟಕದಲ್ಲಿ ಹೆಣ್ಣನ್ನು ಪ್ರೀತಿಸಿದ ಹೆಣ್ಣಿನ ಕಥೆ ಹೇಳಿದರು. ಧೈರ್ಯದ ಕೃತಿ, ನಿಜ. ಆದರೆ ನಾಯಕಿಯ ಕೊನೆ ಸಾವು. ಕನ್ನಡದಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' ೨೦೧೩ರಲ್ಲಿ ಬಂದು ಎಷ್ಟೋ ಜನರ ಬಾಯಿಯ ಬೀಗ ತೆಗೆಯಿತು. ಅಲ್ಲಿಯೂ ನೋವೇ ಮುಖ್ಯವಾದದ್ದು, ನೋವೇ ನಿಜವಾಗಿದ್ದುದರಿಂದ. ಇವುಗಳ ಬೆಲೆಯನ್ನು ಕಡಿಮೆ ಮಾಡುವ ಉದ್ದೇಶ ನಮಗಿಲ್ಲ. ಆದರೆ ಹದಿನಾರು ವರ್ಷದ ಮಗುವಿಗೆ ತನ್ನಂಥವರ ಕಥೆಯೆಂದು ಸಿಕ್ಕಿದ್ದೆಲ್ಲವೂ ಮರಣದಲ್ಲೋ ಊರು ಬಿಡುವುದರಲ್ಲೋ ಮುಗಿದರೆ ಅದು ಏನನ್ನು ಕಲಿತೀತು? ಉಳಿದ ಮಕ್ಕಳಿಗೆ ದುಃಖಾಂತವೂ ಉಂಟು, ಸುಖಾಂತವೂ ಉಂಟು. ಸುಖಾಂತವನ್ನು ಓದಿ ಬೇಸತ್ತು 'ಇದೇನು ಹುಡುಗಾಟದ ಕಥೆ' ಎಂದು ಎಸೆಯುವ ಸುಖವೂ ಉಂಟು.

ಪ್ರಹಸನದ ಸುಖಾಂತವೆಂದರೆ ಮದುವೆ. ಅಕ್ಷತೆ ಬಿದ್ದ ಮೇಲೆಯೇ ಪರದೆ ಬೀಳುವುದು ರೂಢಿ. ಇಲ್ಲಿ ಅದಕ್ಕೆ ಎಡೆಯಿಲ್ಲ. ೧೮೬೦ರ ದಂಡಸಂಹಿತೆಯ ೩೭೭ನೆಯ ಕಲಮಿನಿಂದ ವಯಸ್ಕರ ಒಪ್ಪಿಗೆಯ ಸಂಬಂಧವನ್ನು ಸರ್ವೋಚ್ಚ ನ್ಯಾಯಾಲಯ ೨೦೧೮ರ ಸೆಪ್ಟೆಂಬರ್ ೬ರಂದು ಹೊರಗಿಟ್ಟಿತು. ಆದರೆ ಮದುವೆಯ ಹಕ್ಕನ್ನು ಕೇಳಿದಾಗ ೨೦೨೩ರ ಅಕ್ಟೋಬರ್ ೧೭ರಂದು, ಅದು ಶಾಸಕಾಂಗದ ಕೆಲಸವೆಂದು ಹೇಳಿತು. ಹದಿಹರೆಯದವರ ಕಥೆಗೆ ಈ ತೊಡಕಿಲ್ಲ; ಅವರಿಗೆ ಮದುವೆಯ ವಯಸ್ಸೇ ಆಗಿಲ್ಲ. ಆದ್ದರಿಂದ ಈ ಪುಸ್ತಕಗಳಲ್ಲಿ ಅಕ್ಷತೆಯ ಬದಲು ಇನ್ನೊಂದು ಘಟ್ಟ ಬಂದಿದೆ: ಮನೆಯಲ್ಲಿ ಹೇಳುವುದು. ಓದುಗ ಉಸಿರು ಬಿಗಿಹಿಡಿಯುವುದು ಚುಂಬನಕ್ಕಲ್ಲ, ತಾಯಿಯ ಮುಖಕ್ಕೆ. 'ಹಾರ್ಟ್‌ಸ್ಟಾಪರ್'ನಲ್ಲಿ ನಿಕ್ ತಾಯಿಗೆ ಹೇಳಿದಾಗ ಆಕೆ ಮಗನನ್ನು ತಬ್ಬಿಕೊಂಡು, ನನಗೆ ಹೇಳಲಾರೆನೆಂದು ನಿನಗೆ ಅನ್ನಿಸುವಂತೆ ಎಂದಾದರೂ ನಡೆದುಕೊಂಡಿದ್ದರೆ ಕ್ಷಮಿಸೆಂದು ತಾನೇ ಕೇಳಿಕೊಳ್ಳುತ್ತಾಳೆ. ನಮ್ಮ ಅಜ್ಜಿ ಇಂಗ್ಲಿಷಿನ ಒಂದಕ್ಷರ ಅರಿಯದೆಯೂ ಕಥೆಯ ನಡುಗಂಬ ಎಲ್ಲಿದೆಯೆಂದು ಮೊದಲ ಪ್ರಶ್ನೆಯಲ್ಲಿಯೇ ಕಂಡುಹಿಡಿದರಲ್ಲ!

ನಾಯಕ ನಾಯಕಿಯರ ವೈವಿಧ್ಯದ ಬಗೆಗೂ ಒಂದು ಮಾತು. ಸೈಮನ್ನನು ತಾನು ಕಾಣದ ಗೆಳೆಯನನ್ನು ಬಿಳಿಯ ಹುಡುಗನೆಂದೇ ಎಣಿಸಿರುತ್ತಾನೆ. ಹಾಗೆ ಏಕೆ ಎಣಿಸಿದೆನೆಂದು ಅನಂತರ ತನಗೆ ತಾನೇ ನಾಚುತ್ತಾನೆ. ನಿಶಾತಳಿಗೆ ಮನೆಯಲ್ಲೊಂದು ಭಾಷೆ, ಶಾಲೆಯಲ್ಲೊಂದು. ಮನೆಯವರಿಗೆ ಸಮಾಜದ ನಾಲಿಗೆಯ ಭಯ, ಶಾಲೆಯಲ್ಲಿ ಅವಳ ಬಣ್ಣದ ಮೇಲೆ ಕಣ್ಣು. ಇದೇ ಲೇಖಕಿ ೨೦೨೧ರಲ್ಲಿ ಬರೆದ ಇನ್ನೊಂದು ಕಾದಂಬರಿಯಲ್ಲಿ ಹಾನಿ ಬಂಗಾಲಿ ಮುಸಲ್ಮಾನರ ಹುಡುಗಿ, ಇಶು ಬಂಗಾಲಿ ಹಿಂದೂಗಳ ಹುಡುಗಿ. ಗಡಿಯಾಚೆಯ ಕನ್ನಡಿಗರಾದ ನಮಗೆ ಇದು ಪರಕೀಯವೆನಿಸಬಾರದು. ಯಾವ ಮಾತನ್ನು ಯಾವ ಹೊಸ್ತಿಲಿನಲ್ಲಿ ಬಿಡಬೇಕೆಂಬುದನ್ನು ನಮ್ಮ ಮಕ್ಕಳು ಐದನೆಯ ವರ್ಷಕ್ಕೇ ಕಲಿಯುತ್ತಾರೆ. ಅವರಲ್ಲಿ ಒಬ್ಬೊಬ್ಬರು ಇನ್ನೂ ಒಂದು ಮಾತನ್ನು ಎರಡೂ ಹೊಸ್ತಿಲುಗಳಲ್ಲಿ ನುಂಗಿಕೊಂಡಿರಬಹುದು.

ಈ ಪುಸ್ತಕಗಳಲ್ಲಿ ದೋಷವಿಲ್ಲವೆಂದಲ್ಲ. ಹಲವು ತೀರಾ ಸಿಹಿ. ಪಾಕ ಗಟ್ಟಿಯಾಗಿ ಹಲ್ಲಿಗೆ ಅಂಟುತ್ತದೆ. ಗೆಳೆಯರೆಲ್ಲ ಸಜ್ಜನರು, ಎಲ್ಲರಿಗೂ ತಮ್ಮದೇ ಕೋಣೆ, ಮುಚ್ಚಿಕೊಳ್ಳಲು ಬಾಗಿಲು. ಒಂದೇ ಪಡಸಾಲೆಯಲ್ಲಿ ಏಳು ಜನ ಮಲಗುವ ಮನೆಯ ಹುಡುಗಿಗೆ ಅಲ್ಲಿಯ ಅರ್ಧ ಸಂಗತಿಗಳು ನಡೆಯುವುದೇ ಅಸಾಧ್ಯ. ಕೆಲವು ಲೇಖಕರು ಬಗೆಬಗೆಯ ಬಣ್ಣದ ಪಾತ್ರಗಳನ್ನು ಉಪ್ಪಿನಕಾಯಿಯಂತೆ ಎಲೆಯ ಮೇಲೆ ಬಡಿಸಿ ಮರೆತುಬಿಡುತ್ತಾರೆ. ಹಿಂದಿಯಲ್ಲಿ ೨೦೨೦ರಲ್ಲಿ ಬಂದ 'ಶುಭ ಮಂಗಲ ಝ್ಯಾದಾ ಸಾವಧಾನ' ಚಿತ್ರವೇ ನಮಗೆ ಹೆಚ್ಚು ಹತ್ತಿರವೆನಿಸಿತು. ಅದು ಹದಿಹರೆಯದವರ ಕಥೆಯಲ್ಲ. ಆದರೆ ಪ್ರಯಾಗದ ಕೂಡುಕುಟುಂಬ, ಗದ್ದಲ, ಮದುವೆಮನೆ ಎಲ್ಲ ಅದರಲ್ಲಿವೆ. ಮಗನ ಪ್ರೀತಿಯನ್ನು ಒಪ್ಪಲಾರದ ತಂದೆ ಅಲ್ಲಿ ಕೃಷಿ ವಿಜ್ಞಾನಿ. ಕರಿಯ ಬಣ್ಣದ ಹೂಕೋಸನ್ನು ಸೃಷ್ಟಿಸಿದವನು. ಕವಲಾಪುರದ ಗಜ್ಜರಿಯ ರೈತರಿಗೆ ಅದನ್ನು ತೋರಿಸಿದರೆ ನಗೆಯ ನಿಜವಾದ ಪರೀಕ್ಷೆಯಾದೀತು. ಆ ಚಿತ್ರದಲ್ಲಿ ನಾವು ನಗುವುದು ಪ್ರೇಮಿಗಳನ್ನು ನೋಡಿಯಲ್ಲ, ಹೆದರಿ ಓಡಾಡುವ ಹಿರಿಯರನ್ನು ನೋಡಿ. ಮಾವಶಿಯ ನಗೆ ದಿಕ್ಕು ಬದಲಿಸಿದೆ.

ಕನ್ನಡದಲ್ಲಿ ಹದಿಹರೆಯದವರಿಗಾಗಿ ಇಂಥ ಹಗುರಾದ ಕಾದಂಬರಿ ನಮ್ಮ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಮಿರಜ ನಿಲ್ದಾಣದಲ್ಲಿ ತಡವಾಗಿ ಬರುವ ಗಾಡಿ, ಕೃಷ್ಣೆಯ ಘಾಟು, ಹರಿಪುರದ ಸಂಗಮ, ಕೈತಪ್ಪಿದ ಒಂದು ಮೊಬೈಲು: ದೇವಲರ ಊರಿನಲ್ಲಿ ಸಾಮಗ್ರಿಗೆ ಬರವಿಲ್ಲ.

ಮರುದಿನ ಬೆಳಗ್ಗೆ ನಾವು ಹೊರಡುವ ಸಿದ್ಧತೆಯಲ್ಲಿದ್ದೆವು. ಅಂಗಳದಲ್ಲಿ ಗಜ್ಜರಿಯ ಮಣ್ಣು ತೊಳೆದು ಚೀಲಕ್ಕೆ ತುಂಬುತ್ತಿದ್ದರು. ಅಜ್ಜಿ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತು ಮೊಮ್ಮಗಳನ್ನು ಕರೆದರು.

"ರಾತ್ರಿ ಮುಂದ ಓದಿದೇನವಾ? ಅವರವ್ವ ಮಾತಾಡಿದ್ಲೋ ಇಲ್ಲೋ?"

ಹುಡುಗಿ ನಮ್ಮತ್ತ ಒಮ್ಮೆ ನೋಡಿದಳು. ನಾವು ಚೀಲದ ಬಾಯಿ ಕಟ್ಟುವುದರಲ್ಲಿ ಮಗ್ನರಾದೆವು.

"ಮಾತಾಡತಾಳ, ಆಯಿ. ಲಗೂನ ಅಲ್ಲ. ಬಾಳ ದಿವಸ ಹಿಡೀತೈತಿ."

"ಹಿಡೀಲಿ ಬಿಡು" ಎಂದು ಅಜ್ಜಿ ಪಕ್ಕದ ಮಣೆಯನ್ನು ಅವಳತ್ತ ಸರಿಸಿದರು. "ಕುಂಡ್ರ ಇಲ್ಲೆ. ಮೊದಲಿಂದ ಹೇಳು. ಆ ಮದರಂಗಿ ಕದ್ದಾಕಿ ಹೆಸರೇನಂದಿ?"